ಉಳಿದ ದುಡ್ಡು ಯಾರದ್ದು?

ನಾನು ಫುಟ್‌ಬಾಲ್ ವಿಷಯ ಬರೆಯುತ್ತೇನೆಂದರೆ ನನ್ನ ಹಳೆಯ ವಿದ್ಯಾರ್ಥಿನಿಯರು ನಕ್ಕಾರು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದ ನನಗೆ ಆಟದ ಪೀರಿಯಡ್ಡು ಎಂದರೆ ಸಿಲೆಬಸ್ ಮುಗಿಯದಿದ್ದಾಗ ಪಿ.ಟಿ. ಮೇಷ್ಟ್ರಿಂದ ಕಡ ಕೇಳಿ ಪಡೆಯುವ ನಲವತ್ತು ನಿಮಿಷ, ಅಷ್ಟೆ. ಆದರೂ ಬರೆಯುತ್ತೇನೆ. ಏಕೆಂದರೆ ನನ್ನ ತಕರಾರು ಆಟದ ಮೇಲಲ್ಲ. ಆಟವಿಲ್ಲದ ತಿಂಗಳುಗಳಲ್ಲಿ ಅದರ ಅಭಿಮಾನಿಗಳು ಆಡುವ ಮಾತಿನ ಮೇಲೆ.

ಮಗಳ ಬಾಣಂತನಕ್ಕೆಂದು 2023ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಹೋಗಿದ್ದೆ. ಮಗಳು ಅಳಿಯ ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್ ಎಂಬ ಊರಿನಲ್ಲಿ. ಪಕ್ಕದ ಊರು ಸಾಂತಾ ಕ್ಲಾರಾ. ಅಲ್ಲಿ ಒಂದು ಭಾರೀ ಕ್ರೀಡಾಂಗಣವಿದೆ, 2014ರಲ್ಲಿ ತೆರೆದದ್ದು. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿ ನೈನರ್ಸ್ ಎಂಬ ತಂಡ ಆಡುವುದು ಅಲ್ಲಿಯೇ. ನಮ್ಮ ಮಕ್ಕಳು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ ಇದು. ಎರಡೂ ತುದಿ ಚೂಪಾದ ಚೆಂಡನ್ನು ಎದೆಗವಚಿಕೊಂಡು ಓಡುವುದು, ಎದುರಿನವರು ಬಂದು ಗುಮ್ಮಿ ಕೆಡವುವುದು. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಮೆತ್ತೆ. ಮೊದಲ ದಿನ ನೋಡಿದಾಗ ಇವರ ತಾಯಂದಿರು ಹೇಗೆ ನೋಡುತ್ತಾರಪ್ಪ ಎನ್ನಿಸಿತು. ಸೆಪ್ಟೆಂಬರಿನಲ್ಲಿ ಶುರುವಾಗಿ ಫೆಬ್ರವರಿಯಲ್ಲಿ ಮುಗಿಯುವ ಆಟ. ಆ ವರ್ಷದ ಕೊನೆಯ ದೊಡ್ಡ ಪಂದ್ಯ, 2024ರ ಫೆಬ್ರವರಿ 11ರಂದು, ಫಾರ್ಟಿ ನೈನರ್ಸ್ ಕಾನ್ಸಾಸ್ ಸಿಟಿಯವರ ಕೈಲಿ 25ಕ್ಕೆ 22ರಿಂದ ಸೋತರು. ಆವತ್ತು ನಮ್ಮ ಮನೆಯಲ್ಲಿ ಕೂಸು ಒಂದನ್ನು ಬಿಟ್ಟು ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅಲ್ಲಿಗೆ ಮುಗಿಯಿತು, ಇನ್ನು ಸೆಪ್ಟೆಂಬರಿನ ತನಕ ಶನಿವಾರ ಭಾನುವಾರ ಮನೆ ತಣ್ಣಗಿರುತ್ತದೆ ಎಂದುಕೊಂಡೆ. ನನ್ನ ಲೆಕ್ಕ ತಪ್ಪಿತು. ಆಟವಿದ್ದಾಗಲಾದರೂ ಕಣ್ಣು ಟೀವಿಯ ಮೇಲಿರುತ್ತಿತ್ತು, ಬಾಯಿಗೆ ಸ್ವಲ್ಪ ಬಿಡುವಿತ್ತು. ಮಾರ್ಚ್ ಬಂದದ್ದೇ ಅಳಿಯಂದಿರ ಸ್ನೇಹಿತರು, ಎಲ್ಲ ನಮ್ಮ ಕಡೆಯ ಹುಡುಗರೇ, ಒಬ್ಬ ಮಂಡ್ಯದವನು, ಒಬ್ಬ ಧಾರವಾಡದವನು, ಇನ್ನಿಬ್ಬರು ಬೆಂಗಳೂರಿನವರು, ಶನಿವಾರ ರಾತ್ರಿ ಊಟಕ್ಕೆ ಬಂದು ಕೂತರೆ ಹನ್ನೆರಡು ಗಂಟೆ. ನಾನು ಒಳಗೆ ಚಪಾತಿ ಬೇಯಿಸುತ್ತಿದ್ದರೆ ಹಾಲಿನಿಂದ ಮಾತು ಕೇಳಿಸುತ್ತಿತ್ತು.

"ಅಂವನ್ನ ಬಿಟ್ಟ್ರ ಹದಿನೇಳು ಹದಿನೆಂಟು ಮಿಲಿಯನ್ ಉಳೀತೈತಿ ನೋಡ್ರಿ."

"ಮೂವತ್ತು ವರ್ಷ ಆಯ್ತಲ್ಲ ಮಾರಾಯ, ಇನ್ನೇನು ಉಳಿದಿದೆ ಅವನಲ್ಲಿ? ಮೊಣಕಾಲು ಹೋಗಿದೆ."

"ಜೂನ್ ಒಂದರ ಲೆಕ್ಕದಲ್ಲಿ ಹಾಕಿ ತೆಗೆದರೆ ಇನ್ನೂ ಲಾಭ."

ಮೊದಲ ದಿನ ನನಗೆ ನಿಜಕ್ಕೂ ಎದೆ ಧಸಕ್ಕೆಂದಿತು. ಆಫೀಸಿನಲ್ಲಿ ಅಳಿಯಂದಿರ ಕೈಕೆಳಗಿನ ಯಾರನ್ನೋ ತೆಗೆಯುವ ಮಾತು ಎಂದುಕೊಂಡೆ. ಮಗಳನ್ನು ಕೇಳಿದರೆ, "ಅಯ್ಯೋ ಅಮ್ಮ, ಫುಟ್‌ಬಾಲ್ ಟೀಮಿಂದು" ಎಂದು ನಕ್ಕಳು. ನಗುವಂಥದ್ದೇನು ಎಂದು ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಬಾಣಂತಿ ಮನೆಯಲ್ಲಿ ಅಜ್ಜಿಗೆ ರಾತ್ರಿ ಎಚ್ಚರ, ಹಗಲು ಪುರಸೊತ್ತು. ಆ ಪುರಸೊತ್ತಿನಲ್ಲಿ ಇದರ ಒಳಗನ್ನು ಅಳಿಯಂದಿರಿಂದಲೇ ಕೇಳಿ, ಪತ್ರಿಕೆ ಓದಿ ಕಲಿತೆ. ನಿಮಗೂ ಸ್ವಲ್ಪ ಹೇಳುತ್ತೇನೆ, ಬೇಸರಿಸಬೇಡಿ. ನಮ್ಮ ಮನೆಗಳ ಲೆಕ್ಕಪುಸ್ತಕಕ್ಕಿಂತ ಕಷ್ಟವೇನಲ್ಲ.

ಅಲ್ಲಿ 32 ತಂಡಗಳು. ಒಂದೊಂದು ತಂಡವೂ ವರ್ಷಕ್ಕೆ ಆಟಗಾರರ ಸಂಬಳಕ್ಕೆಂದು ಇಷ್ಟೇ ಖರ್ಚು ತೋರಿಸಬಹುದು ಎಂದು ಒಂದು ಮಿತಿಯಿದೆ. ಅದಕ್ಕೆ ಸ್ಯಾಲರಿ ಕ್ಯಾಪ್ ಎನ್ನುತ್ತಾರೆ. 1994ರಲ್ಲಿ ಶುರುವಾದಾಗ ಅದು 3 ಕೋಟಿ 46 ಲಕ್ಷ ಡಾಲರ್ ಇತ್ತು. 2024ಕ್ಕೆ 25 ಕೋಟಿ 54 ಲಕ್ಷ. ಆಟಗಾರನೊಬ್ಬ ಐದು ವರ್ಷದ ಕರಾರಿಗೆ ಸಹಿ ಹಾಕಿದ ಎನ್ನಿ. ಸಹಿ ಹಾಕಿದ್ದಕ್ಕೆಂದು ಒಂದು ದೊಡ್ಡ ಗಂಟು ಕೈಗೆ ಕೊಡುತ್ತಾರೆ. ಆದರೆ ಪುಸ್ತಕದಲ್ಲಿ ಅದನ್ನು ಐದು ವರ್ಷಕ್ಕೆ ಹಂಚಿ ಬರೆಯುತ್ತಾರೆ. ನಡುವೆ ಅವನನ್ನು ಮನೆಗೆ ಕಳಿಸಿದರೆ ಮುಂದಿನ ವರ್ಷಗಳ ಸಂಬಳ, ಕೊಟ್ಟೇ ತೀರುತ್ತೇವೆಂದು ಕರಾರಿನಲ್ಲಿ ಬರೆಯದಿದ್ದ ಪಕ್ಷದಲ್ಲಿ, ಕೊಡಬೇಕಾಗಿಲ್ಲ. ಅದೇ ಉಳಿತಾಯ. ಹಂಚಿ ಬರೆದ ಗಂಟಿನ ಬಾಕಿ ಭಾಗ ಮಾತ್ರ ಒಮ್ಮೆಗೇ ಲೆಕ್ಕಕ್ಕೆ ಬಂದು ಬೀಳುತ್ತದೆ. ಜೂನ್ 1ರ ನಂತರ ತೆಗೆದ ಲೆಕ್ಕ ತೋರಿಸಿದರೆ ಆ ಬಾಕಿಯನ್ನು ಎರಡು ವರ್ಷಕ್ಕೆ ಒಡೆದು ಬರೆಯಬಹುದು. ಹೋದವನ ಹೆಸರಿನಲ್ಲಿ ಪುಸ್ತಕದಲ್ಲಿ ನಿಂತಿರುವ ಈ ಬಾಕಿಗೆ ಅವರು ಇಟ್ಟ ಹೆಸರು ಡೆಡ್ ಮನಿ. ಸತ್ತ ದುಡ್ಡು! ಅದೇ ಮಾರ್ಚಿನಲ್ಲಿ ಡೆನ್ವರ್ ತಂಡದವರು ರಸೆಲ್ ವಿಲ್ಸನ್ ಎಂಬ ಹೆಸರಾಂತ ಆಟಗಾರನನ್ನು ಕಳಿಸಿ ಎಂಟೂವರೆ ಕೋಟಿ ಡಾಲರ್ ಸತ್ತ ದುಡ್ಡನ್ನು ಮೈಮೇಲೆ ಎಳೆದುಕೊಂಡಿದ್ದರು. ಆಗ ಅದು ದಾಖಲೆಯಾಗಿತ್ತಂತೆ. ಹುಡುಗರು ಆ ಮೊತ್ತವನ್ನು, ನಮ್ಮಲ್ಲಿ ಕ್ರಿಕೆಟ್ ಸ್ಕೋರು ಹೇಳುವ ಹಾಗೆ, ಬಾಯಿಪಾಠ ಹೇಳುತ್ತಿದ್ದರು.

ಐದು ವರ್ಷದ ಕರಾರು ಎನ್ನುತ್ತಾರಲ್ಲ, ಅದು ಕಟ್ಟಿಹಾಕುವುದು ಆಟಗಾರನನ್ನು ಮಾತ್ರ. ಅವನು ನಡುವೆ ಬಿಟ್ಟು ಬೇರೆ ತಂಡಕ್ಕೆ ಹೋಗುವಂತಿಲ್ಲ. ತಂಡದವರು ಮಾತ್ರ ಬೇಕಾದಾಗ ಬಿಡಬಹುದು. ಇಂಥ ಮದುವೆಯನ್ನು ನಮ್ಮ ಹಿರಿಯರು ಸಾಕಷ್ಟು ನೋಡಿದ್ದಾರೆ, ನಾನು ವಿವರಿಸಬೇಕಾಗಿಲ್ಲ.

ಆ ರಾತ್ರಿ ಹುಡುಗರ ಬಾಯಲ್ಲಿದ್ದ "ಅಂವ" ಯಾರು ಎಂದು ಕೇಳಿದೆ. ಏರಿಕ್ ಆರ್ಮ್‌ಸ್ಟೆಡ್ ಅಂತೆ. ಆರಡಿ ಏಳಂಗುಲದ ಆಳು. ಅಲ್ಲಿಂದ ಎರಡು ಗಂಟೆ ದಾರಿಯ ಸ್ಯಾಕ್ರಮೆಂಟೋ ಸೀಮೆಯ ಹುಡುಗ. 2015ರಲ್ಲಿ ಈ ತಂಡಕ್ಕೆ ಬಂದವನು ಒಂಬತ್ತು ವರ್ಷ ಇಲ್ಲೇ ಆಡಿದ. ಅವನು ಮಾಡಿದ ಇನ್ನೊಂದು ಕೆಲಸ ನನ್ನಂಥವಳ ಕಣ್ಣಿಗೆ ಬೀಳದೆ ಇರುವುದಿಲ್ಲ. ಸ್ಯಾಕ್ರಮೆಂಟೋದ ಬಡ ಮಕ್ಕಳ ಓದಿಗೆಂದು ಒಂದು ಸಂಸ್ಥೆ ಕಟ್ಟಿದ್ದಾನೆ. ಆ ಕೊನೆಯ ಪಂದ್ಯಗಳನ್ನು ಮೊಣಕಾಲಿನೊಳಗಿನ ಮೆತ್ತೆ ಹರಿದಿದ್ದರೂ ಆಡಿದ್ದ. ಆಟ ಮುಗಿದ ಮೇಲೆ ಆಪರೇಷನ್. ಮಾರ್ಚಿನಲ್ಲಿ ತಂಡದವರು ಸಂಬಳ ಇಳಿಸಿಕೋ ಎಂದರು. ಅವನು ಒಲ್ಲೆ ಎಂದ. ಕಳಿಸಿಬಿಟ್ಟರು.

ಫೆಬ್ರವರಿಯಲ್ಲಿ ಅದೇ ಸೋಫಾದ ಮೇಲೆ ಕೂತು, ಹರಿದ ಮೊಣಕಾಲಿನಲ್ಲಿ ಆಡುತ್ತಿದ್ದಾನೆ, ಗಂಡು ಎಂದರೆ ಇವನು ಎಂದು ಕೂಗಿದ ಬಾಯಿಗಳೇ ಮಾರ್ಚಿನಲ್ಲಿ ಮೊಣಕಾಲು ಹೋಗಿದೆ, ತೆಗೆದರೆ ಉಳಿಯುತ್ತದೆ ಎಂದವು. ನಡುವೆ ಕಳೆದದ್ದು ಒಂದು ತಿಂಗಳು. ನನ್ನ ಮೊಮ್ಮಗುವಿಗೆ ಇನ್ನೂ ಕತ್ತು ನಿಂತಿರಲಿಲ್ಲ.

ನಾನು ಲಟ್ಟಣಿಗೆ ಕೆಳಗಿಟ್ಟು ಹೊರಗೆ ಬಂದೆ. "ಉಳಿಯುತ್ತೆ ಉಳಿಯುತ್ತೆ ಅಂತೀರಲ್ಲ, ಯಾರಿಗೆ ಉಳಿಯುತ್ತೆ?" ಎಂದೆ.

"ನಮಗೇ ಆಂಟಿ" ಎಂದ ಬೆಂಗಳೂರಿನ ಹುಡುಗ.

ಓದುವವರೇ, ಈ "ನಮಗೆ" ಎಂಬ ಮಾತಿನ ಮೇಲೆಯೇ ನಾನು ಇಷ್ಟೂ ಬರೆಯುತ್ತಿರುವುದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆಯನ್ನು ನಾವು ಕೇಳಿದ್ದೇವೆ. ಕಂಡವರ ದುಡ್ಡನ್ನು ಧಾರಾಳವಾಗಿ ಖರ್ಚು ಮಾಡುವವರನ್ನು ಹಳಿಯುವ ಮಾತು ಅದು. ಕಂಡವರ ದುಡ್ಡನ್ನು ನಿದ್ದೆಗೆಟ್ಟು ಉಳಿಸಿಕೊಡುವವರಿಗೆ ನಮ್ಮಲ್ಲಿ ಗಾದೆಯೇ ಇಲ್ಲ. ಅಂಥವರೂ ಇರುತ್ತಾರೆಂದು ಹಿಂದಿನವರಿಗೆ ಹೊಳೆದಿರಲಿಕ್ಕಿಲ್ಲ.

ಆ ಹುಡುಗನಿಗೆ ಉಳಿದದ್ದೇನು? ಆ ಕ್ರೀಡಾಂಗಣದಲ್ಲಿ ವರ್ಷಪೂರ್ತಿಯ ಟಿಕೇಟು ಬೇಕೆಂದರೆ ಮೊದಲು ಟಿಕೇಟು ಕೊಳ್ಳುವ ಹಕ್ಕನ್ನು ಕೊಳ್ಳಬೇಕು. ಆ ಹಕ್ಕಿಗೇ ಸಾವಿರಾರು ಡಾಲರ್. ಟಿಕೇಟಿನ ದುಡ್ಡು ಬೇರೆ, ಕಾರು ನಿಲ್ಲಿಸುವ ದುಡ್ಡು ಬೇರೆ. ಆರ್ಮ್‌ಸ್ಟೆಡ್‌ನನ್ನು ಕಳಿಸಿದ ವರ್ಷ ಇದರಲ್ಲಿ ನಿಮಗೆ ಏನು ಇಳಿಯಿತು ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ಅಳಿಯಂದಿರು ಮಾತ್ರ ಬಿಡುವವರಲ್ಲ. ಓದಿಕೊಂಡವರು, ಸಮಾಧಾನದವರು. "ಅತ್ತೆ, ನೀವು ತಪ್ಪು ತಿಳಿದಿದ್ದೀರಿ. ಉಳಿದ ದುಡ್ಡು ಮಾಲೀಕನ ಜೇಬಿಗೆ ಹೋಗೋಲ್ಲ. ಅದನ್ನ ಇನ್ನೊಬ್ಬ ಆಟಗಾರನಿಗೆ ಕೊಡ್ತಾರೆ. ಖರ್ಚಾಗದೆ ಉಳಿದರೆ ಮುಂದಿನ ವರ್ಷದ ಮಿತಿಗೆ ಸೇರಿಸಿಕೋಬಹುದು. ಮಿತಿಯ ನೂರಕ್ಕೆ ತೊಂಬತ್ತು ಭಾಗವನ್ನ ಕೆಲವು ವರ್ಷಗಳ ಸರಾಸರಿಯಲ್ಲಾದರೂ ಖರ್ಚು ಮಾಡಲೇಬೇಕು ಅಂತ ಆಟಗಾರರ ಸಂಘದ ಜೊತೆ ಒಪ್ಪಂದವೇ ಇದೆ. ಈ ಮಿತಿ ಇಲ್ಲದಿದ್ದರೆ ನ್ಯೂಯಾರ್ಕಿನಂಥ ದೊಡ್ಡ ಊರಿನವರು ಒಳ್ಳೆಯವರನ್ನೆಲ್ಲ ಕೊಂಡುಬಿಡ್ತಾರೆ, ಗ್ರೀನ್ ಬೇ ಥರದ ಸಣ್ಣ ಊರು ಉಳಿಯೋದೇ ಇಲ್ಲ."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನಾನು ಒಪ್ಪುತ್ತೇನೆ. ಗ್ರೀನ್ ಬೇ ಎಂದರೆ ಒಂದು ಲಕ್ಷ ಚಿಲ್ಲರೆ ಜನರಿರುವ ಊರು. ಹೆಚ್ಚು ಕಡಿಮೆ ನಮ್ಮ ಚಿಕ್ಕಮಗಳೂರು ಎನ್ನಿ. ಅಂಥ ಊರಿನ ತಂಡ ನ್ಯೂಯಾರ್ಕಿನ ತಂಡಕ್ಕೆ ಸರಿಸಮ ನಿಲ್ಲುವುದನ್ನು ನೋಡಿದರೆ ಯಾರಿಗೆ ಸಂತೋಷವಾಗುವುದಿಲ್ಲ? ಆದರೆ ಆ ಗ್ರೀನ್ ಬೇಯಿಂದಲೇ ನನಗೆ ಉತ್ತರವೂ ಸಿಕ್ಕಿತು. ಆ ತಂಡಕ್ಕೆ ಒಬ್ಬ ಧಣಿಯಿಲ್ಲ. ಊರವರೂ ಅಭಿಮಾನಿಗಳೂ ಷೇರು ಕೊಂಡು ನಡೆಸುವ ತಂಡ. ಹಾಗಾಗಿ ಪ್ರತಿ ವರ್ಷ ಜಮಾಖರ್ಚನ್ನು ಎಲ್ಲರ ಮುಂದೆ ಇಡುತ್ತದೆ. ಟೀವಿಯವರು ಕೊಡುವ ಹಣ ಮುಂತಾದದ್ದನ್ನು 32 ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. 2024ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಒಂದೊಂದು ತಂಡಕ್ಕೆ ಬಂದ ಆ ಪಾಲು 40 ಕೋಟಿ 23 ಲಕ್ಷ ಡಾಲರ್ ಎಂದು ಗ್ರೀನ್ ಬೇ ಲೆಕ್ಕ ಹೇಳುತ್ತದೆ. ಆ ವರ್ಷದ ಆಟಕ್ಕೆ ಸಂಬಳದ ಮಿತಿ ಎಷ್ಟಿತ್ತು? 22 ಕೋಟಿ 48 ಲಕ್ಷ. ಟಿಕೇಟು ಮಾರುವ ಮುಂಚೆಯೇ, ಒಂದು ಲೋಟ ಬಿಯರು ಮಾರುವ ಮುಂಚೆಯೇ, ಸಂಬಳವನ್ನೆಲ್ಲ ಕೊಟ್ಟು ಇಷ್ಟು ಮಿಗುತ್ತದೆ. ಆಟಗಾರರ ವಿಮೆ, ಪಿಂಚಣಿ, ತರಬೇತುದಾರರು, ಪ್ರಯಾಣ ಎಲ್ಲ ಬೇರೆ ಖರ್ಚು, ಇರಲಿ. ಆದರೂ ಅಕ್ಕಿ ಇಲ್ಲದೆ ಅನ್ನ ಅಳೆದು ಬಡಿಸುವ ಮನೆಯಲ್ಲ ಅದು.

ಇಷ್ಟಕ್ಕೂ ಆರ್ಮ್‌ಸ್ಟೆಡ್‌ನನ್ನು ಕಳಿಸಿದ ಆ ಮಾರ್ಚಿನಲ್ಲಿ ಮಿತಿಯೇನು ಇಳಿದಿತ್ತೆ? ಒಂದೇ ವರ್ಷದಲ್ಲಿ 3 ಕೋಟಿ ಡಾಲರಿಗೂ ಹೆಚ್ಚು ಏರಿತ್ತು. ಹಬ್ಬದ ಹಿಂದಿನ ದಿನ ಕೆಲಸದವಳನ್ನು ಬಿಡಿಸಿದ ಹಾಗೆ.

ಈ ಮಿತಿ ಎಂಬುದು ಆಕಾಶದಿಂದ ಇಳಿದದ್ದಲ್ಲ. 1987ರಲ್ಲಿ ಆಟಗಾರರು, ನಮಗೆ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಕೊಡಿ ಎಂದು ಮುಷ್ಕರ ಹೂಡಿದರು. ಧಣಿಗಳು ಬೀದಿಯಲ್ಲಿ ಸಿಕ್ಕವರನ್ನು ಕರೆತಂದು ಅದೇ ಅಂಗಿ ತೊಡಿಸಿ ಆಡಿಸಿದರು. 24 ದಿನಕ್ಕೆ ಮುಷ್ಕರ ಮುರಿಯಿತು. ಆಮೇಲೆ ಸಂಘದವರು ಕೋರ್ಟಿಗೆ ಹೋಗಿ ಹೋಗಿ 1993ರಲ್ಲಿ ಆ ಸ್ವಾತಂತ್ರ್ಯ ಪಡೆದರು. ಅದಕ್ಕೆ ಬದಲಾಗಿ ಧಣಿಗಳು ಪಡೆದದ್ದೇ ಈ ಮಿತಿ. ಅಂದರೆ ಜಗಳ ಮಾಡಿ ಎಳೆದ ಗೆರೆ ಅದು. ಈಗಿನ ಒಪ್ಪಂದದಲ್ಲಿ ಒಟ್ಟು ಹುಟ್ಟುವಳಿಯಲ್ಲಿ ಆಟಗಾರರಿಗೆ ಸಿಗುವುದು ನೂರಕ್ಕೆ 48ರ ಸುಮಾರು. 2020ರಲ್ಲಿ ಆಟಗಾರರು ಅದನ್ನು ಮತ ಹಾಕಿ ಒಪ್ಪಿದಾಗ ಪರವಾಗಿ 1,019, ವಿರುದ್ಧವಾಗಿ 959. ಎಷ್ಟು ಇಕ್ಕಟ್ಟಿನ ಗೆಲುವು ನೋಡಿ. ಆ 48 ಏಕೆ 52 ಆಗಬಾರದು ಎಂದು ನಮ್ಮ ಹಾಲಿನಲ್ಲಿ ಯಾರೂ ಒಂದು ಶನಿವಾರವೂ ವಾದಿಸಿದ್ದನ್ನು ನಾನು ಕೇಳಲಿಲ್ಲ. 48ರ ಒಳಗೇ ಈ ಮೊಣಕಾಲನ್ನು ತೆಗೆದು ಆ ಭುಜವನ್ನು ಕೊಳ್ಳುವ ವಾದವೇ ಎಲ್ಲ. ಯಜಮಾನ ಅಟ್ಟದ ಮೇಲೆ ಕಣಜಕ್ಕೆ ಬೀಗ ಹಾಕಿ ಕೂತಿದ್ದರೆ ಕೆಳಗೆ ಸೊಸೆಯಂದಿರು ಒಬ್ಬರ ತಟ್ಟೆಯ ಮುದ್ದೆಯನ್ನು ಇನ್ನೊಬ್ಬರು ಅಳೆದ ಹಾಗೆ.

"ಕೋಟಿ ಕೋಟಿ ಎಣಿಸೋರಿಗೆ ಯಾಕೆ ಆಂಟಿ ಇಷ್ಟು ಮರುಕ?" ಎಂದ ಇನ್ನೊಬ್ಬ ಬೆಂಗಳೂರಿನವನು. ಅದೂ ನ್ಯಾಯವಾದ ಪ್ರಶ್ನೆಯೇ. ಆರ್ಮ್‌ಸ್ಟೆಡ್ ಬೀದಿಗೆ ಬೀಳಲಿಲ್ಲ. ಅದೇ ತಿಂಗಳು ಫ್ಲಾರಿಡಾದ ಜಾಕ್ಸನ್‌ವಿಲ್ ತಂಡದವರು ಮೂರು ವರ್ಷಕ್ಕೆ 4 ಕೋಟಿ ಡಾಲರಿಗೂ ಮಿಗಿಲಾದ ಕರಾರು ಕೊಟ್ಟರು. ಮಾರನೆಯ ವರ್ಷ, 2025ರ ಫೆಬ್ರವರಿಯಲ್ಲಿ, ಆಟದ ಜೊತೆ ಸಮಾಜಸೇವೆಗೂ ಸೇರಿಸಿ ಕೊಡುವ ಅಲ್ಲಿನ ಅತಿ ದೊಡ್ಡ ಗೌರವ, ವಾಲ್ಟರ್ ಪೇಟನ್ ಪ್ರಶಸ್ತಿ, ಅವನಿಗೇ ಬಂತು. ಅವನಿಗೆ ನನ್ನ ಮರುಕ ಬೇಕಾಗಿಲ್ಲ.

ಆದರೆ ಹೆಸರು ತಿಳಿಯದೆ ಹೋಗುವವರಿದ್ದಾರೆ. ಬೇಸಿಗೆಯಲ್ಲಿ ಒಂದೊಂದು ತಂಡವೂ 90 ಜನರನ್ನು ಸೇರಿಸಿಕೊಂಡು ತಾಲೀಮು ಮಾಡಿಸುತ್ತದೆ. ಆಗಸ್ಟ್ ಕೊನೆಯಲ್ಲಿ, 53ಕ್ಕೆ ಇಳಿಸಬೇಕು. 2023ರಿಂದ ಇದಕ್ಕೆ ಒಂದೇ ಗಡುವು. 32 ತಂಡ, ತಂಡಕ್ಕೆ 37. ನೀವೇ ಗುಣಿಸಿ ನೋಡಿ, ಸಾವಿರ ದಾಟುತ್ತದೆ. ಕೆಲವರನ್ನು ಅಭ್ಯಾಸದ ತಂಡಕ್ಕೆ ಕಡಿಮೆ ಸಂಬಳಕ್ಕೆ ಮತ್ತೆ ಕರೆಯುತ್ತಾರೆ, ಉಳಿದವರು ಗಂಟುಮೂಟೆ ಕಟ್ಟುತ್ತಾರೆ. ಆಟಗಾರನ ಸರಾಸರಿ ಆಯುಸ್ಸು ಮೂರು ವರ್ಷದ ಮೇಲೆ ಸ್ವಲ್ಪ ಎಂದು ಅವರ ಸಂಘದ ಲೆಕ್ಕ. ಲೀಗಿನವರು ಅದನ್ನು ಒಪ್ಪುವುದಿಲ್ಲ. ಪಿಂಚಣಿಗೆ ಅರ್ಹರಾಗಬೇಕಾದರೂ ಮೂರು ವರ್ಷ ಆಡಿರಬೇಕು.

ಆ ತಾಲೀಮಿನ ದಿನಗಳಲ್ಲಿ ತೆಗೆಯಬೇಕಾದವನನ್ನು ಕರೆಯಲು ಒಬ್ಬ ಆಳು ಬರುತ್ತಾನಂತೆ. ಆಟಗಾರರು ಅವನಿಗೊಂದು ಅಡ್ಡಹೆಸರನ್ನೇ ಇಟ್ಟಿದ್ದಾರೆ, ಟರ್ಕ್ ಎಂದು. ಅವನು ಹೇಳುವುದು ಇಷ್ಟೆ. ಕೋಚ್ ಕರೆಯುತ್ತಿದ್ದಾರೆ, ಪ್ಲೇಬುಕ್ ತೆಗೆದುಕೊಂಡು ಬಾ. ಆಟದ ಉಪಾಯಗಳನ್ನೆಲ್ಲ ಬರೆದ ಪುಸ್ತಕ ಅದು. ಪುಸ್ತಕ ತಾ ಎಂದರೆ ಮುಗಿಯಿತು.

ಇದನ್ನು ಅಳಿಯಂದಿರು ತಮಾಷೆಯಾಗಿಯೇ ಹೇಳಿದರು. ನನಗೆ ತುತ್ತು ಗಂಟಲಲ್ಲಿ ನಿಂತಿತು. 2023ರ ಏಪ್ರಿಲ್ ತಿಂಗಳಲ್ಲಿ, ನಾನು ಇಪ್ಪತ್ತೊಂದು ವರ್ಷ ಪಾಠ ಮಾಡಿದ ಶಾಲೆಯಲ್ಲಿ, ಅಟೆಂಡರ್ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಮೇಡಂ, ಆಫೀಸಿಗೆ ಬರಬೇಕಂತೆ. ಬೀರುವಿನ ಬೀಗದ ಕೈ ತಗೊಂಡು ಬರಬೇಕಂತೆ" ಎಂದ. ಪಾಪ, ಅವನು ನನ್ನ ಮುಖ ನೋಡಲಿಲ್ಲ. ನಾಲ್ವರು ಹಿರಿಯರನ್ನು ಆ ದಿನ ಕಳಿಸಿದರು. ನನ್ನೊಬ್ಬಳ ಸಂಬಳದಲ್ಲಿ ಹೊಸದಾಗಿ ಬಿ.ಇಡಿ. ಮುಗಿಸಿದ ಇಬ್ಬರು ಹುಡುಗಿಯರು ಬರುತ್ತಾರೆಂದು ಆಡಳಿತ ಮಂಡಳಿಯ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಸಭೆಯಲ್ಲಿ ಅದನ್ನು ಜೋರಾಗಿ ಸಮರ್ಥಿಸಿದವರು ಪೋಷಕರ ಪರವಾಗಿ ಕೂತಿದ್ದ ಒಬ್ಬ ಮಹನೀಯರು ಎಂದು ಆಮೇಲೆ ತಿಳಿಯಿತು. ಅವರ ಎರಡು ಹೆಣ್ಣುಮಕ್ಕಳಿಗೂ ನಾನು ಪಾಠ ಹೇಳಿದ್ದೆ. ಇದರಿಂದ "ನಮಗೆ" ಉಳಿಯುತ್ತದೆ, ಫೀಸು ಏರುವುದಿಲ್ಲ ಎಂದರಂತೆ. ಜೂನಿನಲ್ಲಿ ಫೀಸು ಏರಿತು. ಅವರೂ ಕಟ್ಟಿದರು.

ಅವರನ್ನಷ್ಟೇ ಬೈದು ಮುಗಿಸಿದರೆ ನಾನು ಸುಳ್ಳುಗಾತಿಯಾಗುತ್ತೇನೆ. ಅದಕ್ಕೂ ಹತ್ತು ವರ್ಷ ಹಿಂದೆ ಅದೇ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರನ್ನು ತೆಗೆದಾಗ ಟೈಂಟೇಬಲ್ ಹಾಕುವ ಕೆಲಸ ನನ್ನದು. ವಾರಕ್ಕೆ ಅವರ ಪೀರಿಯಡ್ಡು ಎಷ್ಟು, ಅದನ್ನು ಗಣಿತಕ್ಕೂ ಇಂಗ್ಲಿಷಿಗೂ ಹಂಚಿದರೆ ಹೇಗೆ ಕೂರುತ್ತದೆ ಎಂದು ಪೆನ್ಸಿಲ್ ಹಿಡಿದು ಚೌಕದೊಳಗೆ ಚೌಕ ಹೊಂದಿಸಿ ಕೊಟ್ಟವಳು ನಾನು. ಚೆನ್ನಾಗಿ ಹೊಂದಿತು ಎಂದು ಸಂತೋಷವೂ ಆಗಿತ್ತು. ಮೇಷ್ಟ್ರ ಮಗಳು ಆಗ ಪಿ.ಯು.ಸಿ.ಯಲ್ಲಿದ್ದಳು ಎಂಬುದು ನೆನಪಾದದ್ದು ಚೌಕ ತುಂಬಿದ ಮೇಲೆ.

ಆದ್ದರಿಂದಲೇ ಮಂಡ್ಯದ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎಲ್ಲರಿಗಿಂತ ಮುತುವರ್ಜಿಯಿಂದ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿಟ್ಟಿದ್ದವನು ಅವನೇ. ಯಾರನ್ನು ತೆಗೆದರೆ ಎಷ್ಟು, ಯಾವ ತಿಂಗಳು ತೆಗೆದರೆ ಎಷ್ಟು, ಬಣ್ಣ ಹಚ್ಚಿದ ಸಾಲುಗಳು. ಮಗಳು ಒಳಗೆ ಕರೆದು ಹೇಳಿದಳು, ಹಿಂದಿನ ವರ್ಷ ಅವನ ಕೆಲಸವೇ ಹೋಗಿತ್ತಂತೆ. ಆ ದಿನಗಳಲ್ಲಿ ಅಲ್ಲಿನ ದೊಡ್ಡ ಕಂಪನಿಗಳು ಸಾವಿರಗಟ್ಟಲೆ ಜನರನ್ನು ಕಳಿಸಿದ್ದು ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಇವನಿಗೆ ಬೆಳಿಗ್ಗೆ ಎದ್ದಾಗ ಕಂಪ್ಯೂಟರಿನ ಬಾಗಿಲೇ ಮುಚ್ಚಿತ್ತು. ಅವನಿದ್ದ ವೀಸಾದಲ್ಲಿ ಕೆಲಸ ಹೋದರೆ 60 ದಿನದೊಳಗೆ ಇನ್ನೊಂದು ಕೆಲಸ ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ದೇಶ ಬಿಡಲು ಸಿದ್ಧವಾಗಬೇಕು. ಹೆಂಡತಿ ಬಸುರಿ. 53ನೇ ದಿನ ಕೆಲಸ ಸಿಕ್ಕಿತಂತೆ.

ಆ ಸಂಖ್ಯೆ ಕೇಳಿ ನನಗೆ ತಡೆಯಲಾಗಲಿಲ್ಲ. ಪಾಯಸ ಬಡಿಸುತ್ತಾ ಕೇಳಿಯೇಬಿಟ್ಟೆ. "ಅಪ್ಪಾ, ನಿನ್ನನ್ನು ತೆಗೆದಾಗ ಕಂಪನಿಗೆ ಎಷ್ಟು ಉಳಿಯಿತಂತೆ?"

ಹಾಲು ನಿಶ್ಶಬ್ದವಾಯಿತು. ಅಳಿಯಂದಿರು ನನ್ನನ್ನು ನೋಡಿದ ನೋಟದಲ್ಲಿ ಗದರಿಕೆಯಿತ್ತು. ಅವರು ಗದರಿದ್ದು ಸರಿಯೇ. ಹುಡುಗ ತಲೆ ತಗ್ಗಿಸಿ ಪಾಯಸ ಕಲಕಿದ. "ಅದು ಬೇರೆ, ಇದು ಬೇರೆ ಆಂಟಿ" ಎಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅವನೇ ಹೇಳಿದ, "ಅಲ್ಲಿ ನನ್ನ ಹೆಸರು ಯಾರದೋ ಪಟ್ಟೀಲಿತ್ತು. ಇಲ್ಲಿ ಪಟ್ಟಿ ಮಾಡೋನು ನಾನು. ವಾರಕ್ಕೊಂದು ರಾತ್ರಿ ಆದ್ರೂ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಿಟ್ಟು ಮಾತ್ರ ಇತ್ತು, ಅದು ಅವನ ಮೇಲಲ್ಲ. ತನ್ನನ್ನು ಕತ್ತರಿಸಿದ ಕತ್ತರಿಯನ್ನೇ ಒಬ್ಬ ಮನುಷ್ಯ ಆಟಿಕೆ ಮಾಡಿಕೊಂಡು ಸಮಾಧಾನ ಪಡಬೇಕಾದ ಸ್ಥಿತಿ ಬಂತಲ್ಲ ಎಂದು. ಅಲ್ಲಿ ಲಕ್ಷಾಂತರ ಗಂಡಸರು, ಈಗ ಹೆಂಗಸರೂ, ವಾರವಿಡೀ ಯಾರದೋ ಪಟ್ಟಿಯಲ್ಲಿ ಹೆಸರಾಗಿದ್ದು, ರಜೆಯ ದಿನ ಧಣಿಯ ಕುರ್ಚಿಯಲ್ಲಿ ಕೂತಂತೆ ಆಡುತ್ತಾರೆ. ಆ ಕುರ್ಚಿಯಲ್ಲಿ ಅವರನ್ನು ಪುಕ್ಕಟೆ ಕೂರಿಸಿಕೊಂಡವರಿಗೆ ಎಷ್ಟು ಅನುಕೂಲ! ನಾಳೆ ಆಟಗಾರರು ಮತ್ತೆ ಮುಷ್ಕರ ಹೂಡಿದರೆ ಈ ಜನ ಯಾವ ಕಡೆ ನಿಂತಾರು? ಧಣಿಯ ಲೆಕ್ಕ ಇವರಿಗೆ ಬಾಯಿಪಾಠ. ಆಟಗಾರನ ಮನೆಯ ಲೆಕ್ಕ ಒಂದು ಸಾಲೂ ಗೊತ್ತಿಲ್ಲ.

ಆ ಮನೆಯ ಲೆಕ್ಕದಲ್ಲಿ ಬರುವ ಒಂದು ಖರ್ಚನ್ನಾದರೂ ಹೇಳುತ್ತೇನೆ. ಈ ಆಟದಲ್ಲಿ ತಲೆಗೆ ಮೇಲಿಂದ ಮೇಲೆ ಬೀಳುವ ಪೆಟ್ಟು ಮಿದುಳನ್ನು ನಿಧಾನವಾಗಿ ತಿನ್ನುವ ರೋಗಕ್ಕೆ ದಾರಿ. 2002ರಲ್ಲಿ ಪಿಟ್ಸ್‌ಬರ್ಗಿನ ಮೈಕ್ ವೆಬ್‌ಸ್ಟರ್ ಎಂಬ ಹಳೆಯ ಆಟಗಾರ ತೀರಿಕೊಂಡಾಗ ಬೆನೆಟ್ ಒಮಾಲು ಎಂಬ ವೈದ್ಯರು ಅವನ ಮಿದುಳಿನಲ್ಲಿ ಇದನ್ನು ಕಂಡರು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ಈ ಲೀಗಿನಲ್ಲಿ ಆಡಿ ಸತ್ತ 111 ಜನರ ಮಿದುಳು ಪರೀಕ್ಷಿಸಿದರೆ 110ರಲ್ಲಿ ಅದು ಇತ್ತು. ಅನುಮಾನ ಬಂದ ಮನೆಯವರೇ ಹೆಚ್ಚಾಗಿ ಮಿದುಳು ದಾನ ಮಾಡಿದ್ದರಿಂದ ಎಲ್ಲ ಆಟಗಾರರಿಗೂ ಇದೇ ಪ್ರಮಾಣ ಎನ್ನಲಾಗದು, ಪರೀಕ್ಷಿಸಿದವರೇ ಹಾಗೆಂದಿದ್ದಾರೆ. ಆದರೂ ಮೂವತ್ತಕ್ಕೆ "ಮುಗಿದುಹೋದ" ಎಂದು ಪಟ್ಟಿಯಿಂದ ಹೊಡೆದುಹಾಕಿದವನನ್ನು ಐವತ್ತಕ್ಕೆ ಸ್ನಾನ ಮಾಡಿಸಿ ಊಟ ಮಾಡಿಸುವವಳು ಒಬ್ಬಳು ಹೆಂಡತಿಯಿರುತ್ತಾಳೆ. ಆ ಹೆಂಗಸಿನ ದುಡಿಮೆ ಯಾವ ಕ್ಯಾಪಿನಲ್ಲಿ ಬರುತ್ತದೆ?

ಹೆಂಡತಿಯರ ಮಾತು ಬಂದದ್ದರಿಂದ ಒಂದು ವಿಷಯ. ಅದೇ ತಂಡದಲ್ಲಿ ಕೈಲ್ ಯೂಸ್‌ಚೆಕ್ ಎಂಬವನಿದ್ದಾನೆ. ಅವನ ಹೆಂಡತಿ ಕ್ರಿಸ್ಟಿನ್ ಹೊಲಿಗೆಯಲ್ಲಿ ನಿಸ್ಸೀಮಳು. ಆಟದ ಅಂಗಿಗಳನ್ನು ಕತ್ತರಿಸಿ ದಪ್ಪನೆಯ ಚಳಿಗೋಟು ಹೊಲಿಯುತ್ತಾಳೆ. 2024ರ ಜನವರಿಯ ಚಳಿಯಲ್ಲಿ ಟೇಲರ್ ಸ್ವಿಫ್ಟ್ ಎಂಬ ಹಾಡುಗಾರ್ತಿ ಅವಳು ಹೊಲಿದ ಕೆಂಪು ಕೋಟು ತೊಟ್ಟು ಪಂದ್ಯ ನೋಡಲು ಬಂದಾಗ ದೇಶವೆಲ್ಲ ಅದೇ ಸುದ್ದಿ. ಮಗಳೂ ನಾನೂ ಆ ಕೋಟಿನ ಹೊಲಿಗೆಯನ್ನು ಫೋಟೋ ದೊಡ್ಡದು ಮಾಡಿ ನೋಡಿದ್ದೆವು. ನಾನು ಊರಿಗೆ ವಾಪಸು ಬಂದು, ಬೇರೊಂದು ಶಾಲೆಗೆ ಸೇರಿದ ಮೇಲೆ, 2025ರ ಮಾರ್ಚಿನಲ್ಲಿ ಮಗಳು ಫೋನು ಮಾಡಿದಳು. "ಅಮ್ಮ, ಕೋಟಿನವಳ ಗಂಡನನ್ನ ತೆಗೆದರು." ಎಂಟು ವರ್ಷ ಆಡಿದವನು. ಕೆಲವೇ ದಿನ ಬಿಟ್ಟು ಇನ್ನೊಂದು ಕರಾರು ಬರೆಸಿಕೊಂಡು ಮತ್ತೆ ಅವರೇ ಸೇರಿಸಿಕೊಂಡರು. ಆ ಕೆಲವು ದಿನ ಆ ಮನೆಯಲ್ಲಿ ಹೊಲಿಗೆ ಯಂತ್ರ ಓಡಿತೋ ಇಲ್ಲವೋ ಎಂದು ನಾನು ಯೋಚಿಸಿದೆ. ಹಿಂದೆ ಅಳಿಯಂದಿರ ದನಿ ಕೇಳಿಸುತ್ತಿತ್ತು, ಮಂಡ್ಯದವನದೂ ಇತ್ತು.

"ಎಷ್ಟು ಉಳಿಯಿತಂತೆ, ಕೇಳೇ" ಎಂದೆ ಮಗಳಿಗೆ.

ಫೋನು ಅಳಿಯಂದಿರ ಕೈಗೆ ಹೋಯಿತು. ಅವರು ನಗುತ್ತಾ, "ಅತ್ತೆ, ನಿಮಗೆ ಒಂದು ಪಟ್ಟಿ ಕಳಿಸ್ತೀವಿ ನೋಡಿ" ಎಂದರು.

ರಾತ್ರಿ ಬಂತು. ಅದೇ ಬಣ್ಣ ಹಚ್ಚಿದ ಸಾಲುಗಳು. 32 ತಂಡಗಳ ಹೆಸರು, ಸಂಬಳದ ಮಿತಿ, ಉಳಿತಾಯ, ಸತ್ತ ದುಡ್ಡು. ಕೊನೆಯಲ್ಲಿ ಹೊಸದಾಗಿ ಒಂದು ಕಾಲಂ ಸೇರಿಸಿ ಅದರ ತಲೆಯ ಮೇಲೆ ಕನ್ನಡದಲ್ಲಿ "ಅತ್ತೆ" ಎಂದು ಬರೆದಿದ್ದರು. ತಂಡದ ಒಟ್ಟು ಜಮಾಖರ್ಚಿನ ಕಾಲಂ ಅದು. ತಮಾಷೆಗೆ ಮಾಡಿದ್ದಿರಬಹುದು. ಮಂಡ್ಯದವನು ಕೂತು ಹುಡುಕಿದನಂತೆ, ಎರಡು ಗಂಟೆ. ಗ್ರೀನ್ ಬೇಯ ಮುಂದೆ ಸಂಖ್ಯೆಯಿತ್ತು. ಉಳಿದ 31 ತಂಡಗಳ ಮುಂದೆ ಮನೆಗಳು ಖಾಲಿ ಇದ್ದವು.